ಮುನಿಸು ತಿಳಿಯಾಗಲು ಮನೆಗೇ ಹೋಗಬೇಕು

ತೆಲುಗರ ಮದುವೆಯಲ್ಲಿ ಅಲಕಪಾನ್ಪು ಅಂತ ಒಂದು ಶಾಸ್ತ್ರವಿದೆ. ಅಳಿಯ ಮಂಚವೇರಿ ಮುನಿಸಿಕೊಂಡು ಕೂರುತ್ತಾನೆ, ಅತ್ತೆ-ಮಾವ ಉಡುಗೊರೆ ಕೊಟ್ಟು ಒಲಿಸುತ್ತಾರೆ. ಹೈದರಾಬಾದಿನಲ್ಲಿ ಇದನ್ನು ನೋಡಿದಾಗೆಲ್ಲ ಜಾಣ ಪದ್ಧತಿ ಅನ್ನಿಸುತ್ತದೆ, ಯಾಕೆಂದರೆ ಅಲಕ, ಅಂದರೆ ಮುನಿಸು, ಅಲ್ಲೇ ಮುಗಿಯುತ್ತದೆ. ನಮ್ಮ ದಾವಣಗೆರೆ ಸೀಮೆಯ ಮುನಿಸಿಗೆ ಮಂಚವೂ ಇಲ್ಲ, ಹೊತ್ತುಗೊತ್ತೂ ಇಲ್ಲ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಒಂದು ಸಾಲು ಕೆಳಗಿಳಿದರೆ ಸಾಕು.

ಸಿಟ್ಟು ಬರುವಂಥದ್ದು, ಮುನಿಸು ನಾವಾಗಿ ಮಾಡಿಕೊಳ್ಳುವಂಥದ್ದು. ಅದಕ್ಕೆ ಸಲುಗೆ ಬೇಕು. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಸಿಟ್ಟು. ಅಣ್ಣ ಕರೆಯದಿದ್ದರೆ ಮುನಿಸು. ಚಳ್ಳಕೆರೆ ಕಡೆ ಮಳೆ ಕೈಕೊಟ್ಟಾಗ ‘ಮಳೆರಾಯ ಮುನಿದಾನೆ’ ಅನ್ನುವುದರಲ್ಲೂ ಆ ಸಲುಗೆಯಿದೆ. ಮಂತ್ರಿಗಿರಿ ಸಿಗದ ಶಾಸಕರದ್ದನ್ನು ಪತ್ರಿಕೆಗಳು ಮುನಿಸು ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ಬರೀ ಲೆಕ್ಕಾಚಾರ.

ಒಲಿಸಲು ಮದುವೆ ಮನೆಯ ಗಂಡ-ಹೆಂಡತಿ ಇಬ್ಬರೂ ಹೋಗಬೇಕು, ಜೊತೆಗೆ ಎರಡೂ ಮನೆಗೆ ಬೇಕಾದ ಒಬ್ಬ ಹಿರಿಯರು. ಹುಡುಗರ ಕೈಲಿ ಪತ್ರಿಕೆ ಕಳಿಸಿದರೆ ಮುನಿಸು ಇಮ್ಮಡಿಯಾಗುತ್ತದೆ. ಕೂತ ಕೂಡಲೇ ‘ಪ್ರೆಸ್ಸಿನವರು ತಪ್ಪು ಮಾಡಿದ್ರು’ ಅಂತ ಶುರು ಮಾಡಬಾರದು. ಕಾರಣ ಹೇಳಿದಷ್ಟೂ ‘ನಂದೇ ತಪ್ಪು ಅಂತೀರಿ’ ಅನ್ನುವ ಕಡೆಗೆ ಮಾತು ತಿರುಗುತ್ತದೆ. ಮೊದಲು ಹೊಲ, ಮಳೆ, ಮೆಕ್ಕೆಜೋಳದ ರೇಟು. ಅಷ್ಟರಲ್ಲಿ ಒಳಗಿನ ಕಡೆ ಕಿವಿ ಇರಲಿ. ನೀರಿನ ತಂಬಿಗೆಯಷ್ಟೇ ಬಂದು ನಿಂತರೆ ಇನ್ನೂ ಕೂರಬೇಕು; ಮಂಡಕ್ಕಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿದರೆ ಅರ್ಧ ಕೆಲಸ ಆಯಿತು. ಆಗ ಹಿರಿಯರು ‘ಏನಪ್ಪಾ, ತಂಗಿ ಮಗಳ ಮದ್ವಿಗೆ ಸೋದರಮಾವನೇ ಇಲ್ಲಂದ್ರೆ ಹೆಂಗೆ?’ ಅಂತ ತೆಗೆಯಬೇಕು. ಮುನಿಸಿಕೊಂಡವರು ಆಡುವುದನ್ನೆಲ್ಲ ಆಡಲಿ, ನಡುವೆ ಬಾಯಿ ಹಾಕಬಾರದು. ಕೊನೆಗೆ ಕುಂಕುಮ ಹಚ್ಚಿ ಹೊಸದಾಗಿ ಕರೆಯಬೇಕು. ಹಳೇ ಕರೆಯ ಮಾತೇ ಎತ್ತಬಾರದು.

ಹೊರನಾಡಿನಲ್ಲಿರುವ ನಾವು ಎಡವುವುದು ಇಲ್ಲೇ. ವಾಟ್ಸಾಪಿನಲ್ಲಿ ಪತ್ರಿಕೆಯ ಫೋಟೋ ಹಾಕಿ, ಕೆಳಗೆ ‘ತಪ್ಪು ತಿಳಿಯಬೇಡಿ’ ಅಂತ ಬರೆದು ಮುಗಿಯಿತು ಅಂದುಕೊಳ್ಳುತ್ತೇವೆ. ಮುನಿಸಿಕೊಂಡವರು ಕಾಯುವುದು ಬಾಗಿಲಿಗೆ ಬರುವವರನ್ನು. ಯಾರೂ ಬರದೆ ವರ್ಷ ಉರುಳಿದರೆ ಅದು ಸೆಡವು ಆಗುತ್ತದೆ, ಸೆಡವಿಗೆ ಬಿದ್ದವರು ಸಾವಿನ ಮನೆಗೂ ಬರುವುದಿಲ್ಲ. ಆದ್ದರಿಂದ ಊರಿಗೆ ಹೋದಾಗ ಮೊದಲು ಆ ಮನೆ, ಆಮೇಲೆ ಉಳಿದವರದು. ಅದೂ ಅಡುಗೆಯವರಿಗೆ ಎಲೆ ಲೆಕ್ಕ ಕೊಡುವ ಮುಂಚೆ. ರಜೆಯೇ ಸಿಗದಿದ್ದರೆ ಫೋನ್ ಮಾಡಿ, ಮೊದಲು ಅವರ ಮನೆಯಾಕೆಯ ಹತ್ತಿರ ಮಾತಾಡಿ.