ಈ ಬೀಟಿಗೆ ಎ ಖಾತಾ ಇದೆಯಾ?

ನವೆಂಬರ್ ಬಂತು ಅಂದರೆ ಬೆಂಗಳೂರಿನಲ್ಲಿ ರಾಜ್ಯೋತ್ಸವ. 1ನೇ ತಾರೀಖು ಶುರುವಾದದ್ದು 30ರ ತನಕ ನಡೆಯುತ್ತದೆ, ಶಾಮಿಯಾನದವರು ಸಿಗದಿದ್ದರೆ ಡಿಸೆಂಬರ್ ಎರಡನೇ ಭಾನುವಾರಕ್ಕೂ ಹೋಗುತ್ತದೆ. ಹೋದ ವರ್ಷ ಇಂಥದ್ದೇ ಒಂದು ಕಾರ್ಯಕ್ರಮಕ್ಕೆ ನಮ್ಮ ಅಕ್ಕನ ಮಗನನ್ನು ಕರೆದರು. ಹುಡುಗ ರ‍್ಯಾಪ್ ಮಾಡುತ್ತಾನೆ. ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್, ರಾತ್ರಿ ಹನುಮಂತನಗರದ ಮನೆಯ ಮಹಡಿ ರೂಮಿನಲ್ಲಿ ಹಾಸಿಗೆಯನ್ನು ಗೋಡೆಗೆ ಒರಗಿಸಿಕೊಂಡು ರೆಕಾರ್ಡಿಂಗ್. ಫೋನ್ ಮಾಡಿದ ಆಯೋಜಕರು ಬಹಳ ಪ್ರೀತಿಯಿಂದಲೇ ಮಾತಾಡಿದರು. "ಬ್ರದರ್, ನಿಮ್ ವಿಡಿಯೋ ನೋಡ್ದೆ, ಬೆಂಕಿ. ನಮ್ ಏರಿಯಾಗೆ ಬರ್ಲೇಬೇಕು. ಒಂದೇ ಒಂದು ರಿಕ್ವೆಸ್ಟು. ಸ್ವಲ್ಪ ಮಣ್ಣಿನ ಸೊಗಡು ಇರ್ಲಿ."

ಮಣ್ಣಿನ ಸೊಗಡು! ಬೆಂಗಳೂರಿನಲ್ಲಿ ಮಣ್ಣು ಕಣ್ಣಿಗೆ ಬೀಳುವುದು ಪೈಪಿನವರೋ ಕೇಬಲ್‌ನವರೋ ರಸ್ತೆ ಅಗೆದಾಗ ಮಾತ್ರ. ಮಿಕ್ಕ ಕಡೆಯೆಲ್ಲ ವೈಟ್ ಟಾಪಿಂಗ್. ಬಾಲ್ಕನಿಯ ತುಳಸಿ ಕುಂಡಕ್ಕೆ ಮಣ್ಣನ್ನು ನರ್ಸರಿಯಲ್ಲಿ ಚೀಲದ ಲೆಕ್ಕದಲ್ಲಿ ಕೊಂಡು ತರುತ್ತೇವೆ. ಮನೆ ಕಟ್ಟುವುದಕ್ಕೆ ಹೊಳೆಯ ಮರಳೂ ಇಲ್ಲ, ಬಂಡೆ ಪುಡಿ ಮಾಡಿದ ಎಂ ಸ್ಯಾಂಡ್. ಇಂಥ ಊರಿನಲ್ಲಿ ಸೊಗಡಿನ ಪೂರ್ತಿ ಜವಾಬ್ದಾರಿ 24 ವರ್ಷದ ಒಬ್ಬ ರ‍್ಯಾಪರ್ ತಲೆ ಮೇಲೆ ಬಿದ್ದಿದೆ. ಅದೇ ಹುಡುಗ ಹಗಲು ಹೊತ್ತು ಅಮೆರಿಕದ ಯಾವುದೋ ಬ್ಯಾಂಕಿನ ಆ್ಯಪ್ ಟೆಸ್ಟ್ ಮಾಡುತ್ತಾನೆ, ಅದಕ್ಕೆ ಮಣ್ಣಿನ ಸೊಗಡು ಇದೆಯಾ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಹುಡುಗ ಪಾಪ, ಒಳ್ಳೆಯವನು. ಕೇಳಿದ್ದು ಕೊಡೋಣ ಅಂತ ಹೊರಟ. ಗಣೇಶನ ಮೆರವಣಿಗೆಯಲ್ಲಿ ತಾನೇ ಮೊಬೈಲಿನಲ್ಲಿ ಹಿಡಿದಿದ್ದ ತಮಟೆ ಸದ್ದನ್ನು ಬೀಟಿಗೆ, ಅಂದರೆ ಹಾಡಿನ ಹಿಂದೆ ಓಡುವ ತಾಳಕ್ಕೆ, ಸೇರಿಸಿ ಕಳಿಸಿದ. ನಾನೂ ಕೇಳಿದೆ, ಕೂತವನು ಎದ್ದು ನಿಲ್ಲಬೇಕು, ಹಾಗಿತ್ತು. ಅರ್ಧ ಗಂಟೆಗೆ ಉತ್ತರ ಬಂತು. "ಸೂಪರ್ ಬ್ರದರ್. ಆದ್ರೆ ತಮಟೆ ಬೇಡ. ಸಾವಿನ್ ಮನೆ ಫೀಲ್ ಬರ್ತಿದೆ." ಇದೇ ತಮಟೆಗೆ ಇದೇ ಜನ ಸೆಪ್ಟೆಂಬರಿನಲ್ಲಿ ಮೂರು ಬೀದಿ ಕುಣಿದಿದ್ದರು. ನಮಗೆ ಮಣ್ಣು ಬೇಕು, ಸರಿ, ಆದರೆ ತೊಳೆದ ಮಣ್ಣು ಬೇಕು. ತಮಟೆ ಬಾರಿಸುವವನು ಯಾವ ಕೇರಿಯಿಂದ ಬರುತ್ತಾನೆ ಅನ್ನುವುದು ನೆನಪಾಗದ ಹಾಗಿರುವ ಮಣ್ಣು.

ಸರಿ, ಹಾಗಾದರೆ ಬೆಂಗಳೂರಿನದೇ ಸದ್ದು ಹಾಕೋಣ ಅಂದುಕೊಂಡ. ನಮ್ಮ ಬೀದಿಯಲ್ಲಿ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಸುಮ್ನೆ ಮೈಕು ಹಿಡಿದು ನಿಂತರೆ ಸಾಕು. ಎದುರುಮನೆ ಸುಪ್ರಭಾತ, ಮೂರು ಮನೆಯ ಕುಕ್ಕರ್ ಒಂದರ ಮೇಲೊಂದು ಕೂಗುವುದು, ಕಸದ ಗಾಡಿಯ ಹಾಡು, ಯಾರದೋ ಕಾರು ರಿವರ್ಸ್ ತೆಗೆಯುವಾಗ ಬರುವ ಆ ದರಿದ್ರ ಟ್ಯೂನು, ದೂರದಲ್ಲಿ ಸಾವಿರ ಅಡಿ ದಾಟಿದರೂ ನೀರು ಕಾಣದೆ ಕೊರೆಯುತ್ತಲೇ ಇರುವ ಬೋರ್‌ವೆಲ್ ಲಾರಿ. ಇದಕ್ಕಿಂತ ಜಾಸ್ತಿ ಬೆಂಗಳೂರು ಎಲ್ಲಿ ಸಿಗುತ್ತದೆ? ಆಯೋಜಕರಿಗೆ ಒಪ್ಪಿಗೆಯಾಗಲಿಲ್ಲ. "ಇದ್ರಲ್ಲಿ ಸಂಸ್ಕೃತಿ ಎಲ್ಲಿದೆ ಬ್ರದರ್?"

ಕೊನೆಗೆ ಅವನು ಏನು ಮಾಡಿದ ಗೊತ್ತಾ? ಮೊದಲಿನ ಬೀಟನ್ನೇ, ಒಂದಕ್ಷರ ಬದಲಾಯಿಸದೆ, ಹಳದಿ ಕೆಂಪು ಶಾಲು ಹೊದ್ದು ಹಾಡಿದ. ಆಯೋಜಕರು ವೇದಿಕೆ ಹತ್ತಿ ತಬ್ಬಿಕೊಂಡರು. "ಸೊಗಡು ಅಂದ್ರೆ ಇದು!"

ಈಗ ಸ್ವಲ್ಪ ಹಳೆಯ ದಾಖಲೆ ತೆಗೆಯೋಣ. ಬೆಂಗಳೂರಿನವರಿಗೆ ದಾಖಲೆ ಅಂದರೆ ಗೊತ್ತಲ್ಲ, ಸೈಟು ಕೊಳ್ಳುವಾಗ 30 ವರ್ಷದ ಋಣಭಾರ ಪತ್ರ, ಅದೇ ಇಸಿ, ತೆಗೆಸುವವರು ನಾವು. ದಾಖಲೆ ಸರಿಯಿದ್ದರೆ ಎ ಖಾತಾ, ತಕರಾರಿದ್ದರೆ ಬಿ ಖಾತಾ. ರ‍್ಯಾಪಿನ ತವರಾದ ಹಿಪ್‌ಹಾಪ್‌ನ ಮೂಲ ಪತ್ರ ತೆಗೆದರೆ ಮೊದಲ ಪುಟದಲ್ಲೇ ತಕರಾರು. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಸೆಡ್ಜ್‌ವಿಕ್ ಅವೆನ್ಯೂ, 1520ನೇ ನಂಬರಿನ ಕಟ್ಟಡ. ಶಾಲೆ ಶುರುವಾಗುವುದಕ್ಕೆ ಮೊದಲು ಹೊಸ ಬಟ್ಟೆಗೆ ದುಡ್ಡು ಹೊಂದಿಸಬೇಕು ಅಂತ ಒಬ್ಬ ಹುಡುಗಿ ಪಾರ್ಟಿ ಇಟ್ಟಳು, ಅವಳ ಅಣ್ಣ ಡಿಜೆ ಕೂಲ್ ಹರ್ಕ್ ರೆಕಾರ್ಡು ಹಾಕಿದ. ಈ ಹರ್ಕ್ ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಬೀದಿಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಪೇರಿಸುವ ಚಟ ಅಲ್ಲಿಯದು. ಜಮೈಕಾದ ರೆಗ್ಗೆ ಸಂಗೀತ ಹಾಕಿದರೆ ಬ್ರಾಂಕ್ಸ್ ಜನ ಕುಣಿಯಲಿಲ್ಲ, ಅದಕ್ಕೆ ಜೇಮ್ಸ್ ಬ್ರೌನ್ ಥರದ ಫಂಕ್ ಹಾಕಿದ, ಡ್ರಮ್ ಬರುವ ತುಣುಕನ್ನೇ ಎರಡು ಟರ್ನ್‌ಟೇಬಲ್‌ನಲ್ಲಿ ಮತ್ತೆ ಮತ್ತೆ ಓಡಿಸಿದ. ಅಂದರೆ ಮೊದಲ ದಿನವೇ ಜಾಗ ಒಬ್ಬರದು, ಕಟ್ಟಡ ಇನ್ನೊಬ್ಬರದು, ನಕ್ಷೆ ಮೂರನೆಯವರದು. ಪಕ್ಕಾ ಬಿ ಖಾತಾ.

ಮುಂದಿನ ಪುಟಗಳು ಇನ್ನೂ ಗೋಜಲು. ಅಮೆರಿಕದ ದಕ್ಷಿಣದ ಸದ್ದು ಅಂದರೆ ಎದೆಗೆ ಗುದ್ದುವ ಆ ಬೇಸ್ ಅಂತ ಎಲ್ಲರೂ ಹೇಳುತ್ತಾರೆ. ಅದು ಬಂದದ್ದು ರೋಲ್ಯಾಂಡ್ ಅನ್ನುವ ಜಪಾನಿನ ಕಂಪನಿ 1980ರಲ್ಲಿ ಮಾಡಿದ ಟಿಆರ್-808 ಅನ್ನುವ ಡ್ರಮ್ ಯಂತ್ರದಿಂದ. ನಿಜವಾದ ಡ್ರಮ್ಮಿನ ಥರ ಕೇಳಿಸಲ್ಲ ಅಂತ ಜನ ಮೂಗು ಮುರಿದರು, 1983ಕ್ಕೆ ತಯಾರಿಕೆಯೇ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿತು, ಕೈಯಲ್ಲಿ ದುಡ್ಡಿಲ್ಲದ ಹುಡುಗರು ಕೊಂಡರು. ಡ್ರಿಲ್ ಅನ್ನುವ ರ‍್ಯಾಪ್ ಶೈಲಿ ಶಿಕಾಗೋದಲ್ಲಿ ಹುಟ್ಟಿ ಲಂಡನ್‌ಗೆ ಹೋಯಿತು, ಅಲ್ಲಿ ಬೇರೆ ವೇಷ ಹಾಕಿಕೊಂಡು, ಲಂಡನ್ನಿನವರು ಮಾಡಿದ ಬೀಟಿನ ಮೂಲಕ ಬ್ರೂಕ್ಲಿನ್‌ಗೆ ವಾಪಸ್ ಬಂದು, ನ್ಯೂಯಾರ್ಕಿನ ಹೊಸ ಸದ್ದು ಅನ್ನಿಸಿಕೊಂಡಿತು.

ಅಮೆರಿಕ ಬಿಡಿ. ಆ ಜಪಾನಿ ಡಬ್ಬ ಅಂಗಡಿಗೆ ಬಂದ ಅದೇ 1980ರಲ್ಲಿ ನಮ್ಮ ಮಲ್ಲೇಶ್ವರದ ಕಡೆ ಚೌಡಯ್ಯ ಹಾಲ್ ಬಾಗಿಲು ತೆರೆಯಿತು. ಕರ್ನಾಟಕ ಸಂಗೀತಕ್ಕೆ ನಾವು ಕಟ್ಟಿಕೊಂಡ ಆ ಕಟ್ಟಡದ ಆಕಾರ ಯಾವುದು? ಪಿಟೀಲು. ಯೂರೋಪಿನಿಂದ ಹಡಗಿನಲ್ಲಿ ಬಂದ ಪಿಟೀಲು. ಪಿಟೀಲು ವಿದ್ವಾನ್ ಚೌಡಯ್ಯನವರು ಅದಕ್ಕೆ ನಾಲ್ಕು ತಂತಿ ಸಾಲದು ಅಂತ ಏಳು ಹಾಕಿಸಿದರು. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ ಅದರಲ್ಲಿ ಕಲ್ಯಾಣಿ ನುಡಿಸಿದರು. ಇವತ್ತು ಆ ಹಾಲಿನ ಮೊದಲ ಸಾಲಿನಲ್ಲಿ ಕೂತು ತೊಡೆ ತಟ್ಟಿ ತಾಳ ಹಾಕುವ ಮಾವನವರೇ ಸಂಜೆ ಮನೆಗೆ ಬಂದು ಹುಡುಗನಿಗೆ, "ಈ ಫಾರಿನ್ ಡಬ್ಬ ಬಡಿಯೋದು ಬಿಟ್ಟು ನಮ್ದು ಅನ್ನೋದು ಏನಾದ್ರೂ ಮಾಡೋ" ಅನ್ನುತ್ತಾರೆ.

ಇನ್ನೊಂದು ಗುಂಪಿದೆ. ಇವರ ಪ್ರಕಾರ ರ‍್ಯಾಪ್ ಹುಟ್ಟಿದ್ದೇ ನಮ್ಮಲ್ಲಿ. ಪ್ರತಿ ವೇದಿಕೆಯಲ್ಲೂ ನಿರೂಪಕರು ವಚನಕಾರರೇ ಜಗತ್ತಿನ ಮೊದಲ ರ‍್ಯಾಪರ್‌ಗಳು ಅಂತ ಘೋಷಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಬಸವಣ್ಣನವರಿಗೆ ಹೇಗನ್ನಿಸಿತೋ ಯಾರೂ ಕೇಳಲ್ಲ. ನಿಜ ಹೇಳಬೇಕೆಂದರೆ ಹೋಲಿಸುವ ಆಸೆ ಇದ್ದವರಿಗೆ ಗೀಗೀ ಪದ ಇದೆ. ಉತ್ತರ ಕರ್ನಾಟಕದಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಮೇಳ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಡಪ್ಪು, ತುಂತುಣಿ ಇಟ್ಟುಕೊಂಡು ರಾತ್ರಿಯಿಡೀ ಪದದಲ್ಲೇ ಸವಾಲು, ಪದದಲ್ಲೇ ಜವಾಬು. ಎದುರಾಳಿಯ ಮಾನ ಮೂರಾಬಟ್ಟೆ. ಆದರೆ ನಮ್ಮ ನಿರೂಪಕರು ಗೀಗೀ ಮೇಳವನ್ನು ಕರೆಸಿ, ಕಲಾವಿದರಿಗೆ ಬಸ್ ಚಾರ್ಜ್ ಕೊಟ್ಟು, ಪೂರ್ತಿ ಒಂದು ರಾತ್ರಿ ಕೂತು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಬಾಯಿಮಾತಿಗೆ ಹೆಮ್ಮೆ ಸಾಕು.

ಉತ್ತರ ಕರ್ನಾಟಕ ಅಂದ ತಕ್ಷಣ ಹುಬ್ಬಳ್ಳಿಯ ಹುಡುಗನೊಬ್ಬ ನೆನಪಾದ. ನಮ್ಮ ಹುಡುಗನ ಗೆಳೆಯ, ಮಾರತ್‌ಹಳ್ಳಿಯಲ್ಲಿ ಪಿಜಿಯಲ್ಲಿದ್ದಾನೆ. ಅವನು ಬರೆಯುವುದು ಒಂದು ರೂಮಿನಲ್ಲಿ ನಾಲ್ಕು ಮಂಚ, ಅಡ್ವಾನ್ಸ್ ವಾಪಸ್ ಕೊಡದ ಮಾಲೀಕ, ಊರಿಗೆ ಫೋನ್ ಮಾಡಿದಾಗ "ಆರಾಮ ಅದೀನ್ ಅವ್ವಾ" ಅಂತ ಹೇಳುವ ಸುಳ್ಳು. ಒಮ್ಮೆ ಒಂದು ಕಾಲೇಜಿನಲ್ಲಿ ಹಾಡಿದ. ಮೊದಲ ಸಾಲಿಗೇ ಜನ ನಕ್ಕರು. ಅವ್ವನ ಸಾಲು ಬಂದಾಗ ಇನ್ನೂ ಜೋರಾಗಿ ನಕ್ಕರು. ಯಾಕೆಂದರೆ ಬೆಂಗಳೂರಿನ ಕಿವಿಗೆ ಆ ಕಡೆಯ ಮಾತು ಅಂದರೆ ಕಾಮಿಡಿ ಅಂತ ಸಿನಿಮಾದವರು ಎಂದೋ ಸೀಲು ಒತ್ತಿಬಿಟ್ಟಿದ್ದಾರೆ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬೆನ್ನು ತಟ್ಟಿ, "ಸಖತ್ ಕಾಮಿಡಿ ಗುರು, ಇನ್ನೂ ಸ್ವಲ್ಪ ಲೋಕಲ್ ಮಾಡು" ಅಂದರಂತೆ. ಅವನು ಬೆಂಗಳೂರು ಕನ್ನಡದಲ್ಲಿ "ಮಗಾ, ಬಾಸು" ಅಂತ ಬರೆದರೆ ಊರು ಮರೆತವನು, ಹುಬ್ಬಳ್ಳಿ ಮಾತಿನಲ್ಲಿ ಬರೆದರೆ ಜೋಕರ್. ಇಂಗ್ಲಿಷಿನಲ್ಲಿ ಬರೆದರೆ? ಅದಕ್ಕೆ ಬೇರೆ ಗುಂಪು ಕಾಯುತ್ತಾ ಕೂತಿದೆ.

ಇಂಗ್ಲಿಷಿನದೂ ಒಂದು ಕಥೆ ಹೇಳಿಬಿಡುತ್ತೇನೆ. 2024ರ ಜುಲೈನಲ್ಲಿ ಹನುಮಾನ್‌ಕೈಂಡ್ ಅನ್ನುವ ರ‍್ಯಾಪರ್‌ನ ಒಂದು ಹಾಡು ಬಂತು, ಜಗತ್ತೆಲ್ಲ ಓಡಾಡಿ ಮುಂದಿನ ತಿಂಗಳು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಹತ್ತಿತು. ಆ ಮನುಷ್ಯ ಹುಟ್ಟಿದ್ದು ಕೇರಳದಲ್ಲಿ, ಬೆಳೆದದ್ದು ಹೂಸ್ಟನ್‌ನಲ್ಲಿ, ಹಾಡುಗಾರನಾಗಿ ಹೆಸರು ಮಾಡಿದ್ದು ಬೆಂಗಳೂರಿನಲ್ಲಿ. ವಿಡಿಯೋ ತೆಗೆದದ್ದು ಕೇರಳದ ಪೊನ್ನಾನಿಯಲ್ಲಿ, ಬೈಕು ಗೋಡೆ ಹತ್ತಿ ಸುತ್ತುವ ಜಾತ್ರೆಯ ಸಾವಿನ ಬಾವಿಯೊಳಗೆ. ಮೊದಲ ವಾರ ಇವನ ದನಿ ಅಮೆರಿಕದ್ದು, ಕಾಪಿ ಅಂತ ಗೊಣಗಿದರು. ಹೂಸ್ಟನ್‌ನಲ್ಲಿ ಬೆಳೆದವನ ದನಿ ಹೂಸ್ಟನ್ ಥರ ಇರದೆ ಹೊಸಕೋಟೆ ಥರ ಇರುತ್ತದಾ? ಪಟ್ಟಿ ಹತ್ತಿದ ಮೇಲೆ ಅದೇ ಜನ "ನಮ್ಮ ಬೆಂಗಳೂರು ಹುಡುಗ" ಅಂದರು, ಮಲಯಾಳಿಗಳು ನಮ್ಮವನು ಅಂದರು. ಒಂದೇ ಸೈಟಿಗೆ ಮೂರು ಜನ ಖಾತಾ ಮಾಡಿಸುವುದು ಬೆಂಗಳೂರಿಗೆ ಹೊಸದೇನಲ್ಲ ಬಿಡಿ.

ಹೀಗಾಗಿ ನನ್ನದೊಂದು ಸಲಹೆ. ಸದ್ದಿಗೂ ಖಾತಾ ಮಾಡಿಸುವ ಕಚೇರಿ ತೆರೆದುಬಿಡಿ. ಬೀಟು ತಂದವರು ಟೋಕನ್ ತೆಗೆದುಕೊಂಡು ಕೂರಲಿ. ಬೇಸ್ ಎಲ್ಲಿಯದು, ಜಪಾನಾ? ಎನ್‌ಒಸಿ ತನ್ನಿ. ಪ್ರಾಸ ಸ್ವಂತದ್ದಾ, ಪಿತ್ರಾರ್ಜಿತವಾ? ಹುಬ್ಬಳ್ಳಿ ಮಾತು ಇದೆಯಲ್ಲ, ಮನರಂಜನೆ ವಿಭಾಗಕ್ಕೆ ಹೋಗಿ, ಎರಡನೇ ಮಹಡಿ. ಬಿಬಿಎಂಪಿ ಹೋಗಿ ಈಗ 5 ಪಾಲಿಕೆ ಆಗಿವೆ, ಇನ್ನೂ ಅನುಕೂಲ. ದಕ್ಷಿಣ ಪಾಲಿಕೆಯ ರ‍್ಯಾಪರ್ ಮೆಜೆಸ್ಟಿಕ್ ದಾಟಿ ಉತ್ತರಕ್ಕೆ ಬಂದು ಹಾಡಿದರೆ ದಂಡ. ತಪ್ಪು ಮಾಡಿದವರಿಗೆ ಐದು ವರ್ಷಕ್ಕೊಮ್ಮೆ, ಚುನಾವಣೆ ಹತ್ತಿರ ಬಂದಾಗ, ಅಕ್ರಮ ಸಕ್ರಮ.

ತಮಾಷೆ ಅಂದುಕೊಳ್ಳಬೇಡಿ, ಹಾಗೆ ದಂಡ ಕಟ್ಟಿದವರಿದ್ದಾರೆ. 1995ರಲ್ಲಿ ನ್ಯೂಯಾರ್ಕಿನ ಒಂದು ಪ್ರಶಸ್ತಿ ಸಮಾರಂಭದಲ್ಲಿ ಅಮೆರಿಕದ ದಕ್ಷಿಣದ ಅಟ್ಲಾಂಟಾದ ಔಟ್‌ಕಾಸ್ಟ್ ಅನ್ನುವ ರ‍್ಯಾಪ್ ಜೋಡಿಗೆ ಬಹುಮಾನ ಬಂದಾಗ ಸಭೆ ಹೋ ಅಂತ ಕೂಗಿ ಹೀಯಾಳಿಸಿತು. ಆಗ ಜೋಡಿಯಲ್ಲೊಬ್ಬನಾದ ಆಂಡ್ರೆ 3000 ಮೈಕಿನ ಮುಂದೆ ದಕ್ಷಿಣದವರಿಗೂ ಹೇಳುವುದಿದೆ ಅಂದು ಇಳಿದ. 2004ರಲ್ಲಿ ಅದೇ ಜೋಡಿಯ ಆಲ್ಬಮ್ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಗೆದ್ದಿತು. ಅಷ್ಟರಲ್ಲಿ ಅಟ್ಲಾಂಟಾ ಸದ್ದೇ ಎಲ್ಲರಿಗೂ ಅಳತೆಗೋಲು. 2023ರಲ್ಲಿ ಇದೇ ಆಂಡ್ರೆ ಒಂದು ಸಾಲೂ ರ‍್ಯಾಪ್ ಇಲ್ಲದ, ಕೊಳಲೇ ಮುಖ್ಯವಾದ ಆಲ್ಬಮ್ ಬಿಟ್ಟ. ಮೊದಲ ಹಾಡಿನ ಹೆಸರಿನಲ್ಲೇ, ನಿಜವಾಗಲೂ ರ‍್ಯಾಪ್ ಆಲ್ಬಮ್ಮೇ ಮಾಡಬೇಕು ಅಂತಿದ್ದೆ, ಈ ಸಲ ಗಾಳಿ ಈ ಕಡೆ ತಳ್ಳಿತು ಅನ್ನುವ ಅರ್ಥದ ಉದ್ದನೆಯ ವಿವರಣೆ ಕೊಡಬೇಕಾಯಿತು. ಸುಮಾರು 30 ವರ್ಷ ಹಾಡಿದವನೂ ಕೊಳಲು ಹಿಡಿಯುವ ಮುಂಚೆ ರಜೆ ಅರ್ಜಿ ಬರೆಯಬೇಕು.

ನಮ್ಮ ಹುಡುಗನೂ ಈಗ ಬದಲಾಗಿದ್ದಾನೆ. ಬೇಸಿಗೆಯಲ್ಲಿ ಒಂದು ನಿಧಾನದ ಹಾಡು ಮಾಡಿದ, ಅವನ ಅಜ್ಜಿಯ ಮೇಲೆ. ಅಂದರೆ ನನ್ನ ಅಮ್ಮನ ಮೇಲೆ. ಅವರಿಗೆ ಈಗ ಮರೆವು, ನನ್ನನ್ನೇ ಕೆಲವೊಮ್ಮೆ ಗ್ಯಾಸ್ ಸಿಲಿಂಡರ್ ತಂದವನು ಅಂದುಕೊಳ್ಳುತ್ತಾರೆ. ಒಗ್ಗರಣೆಗೆ ಸಾಸಿವೆ ಸಿಡಿಯುವ ಸದ್ದೇ ಅದರ ತಾಳ, ಹಿಂದೆ ಅವರ ಹಳೇ ರೇಡಿಯೋದ ಗೊರಗೊರ. ಇದಕ್ಕೆ ಅವನ ಗೆಳೆಯರ ಬಳಗದ ತೀರ್ಪು, "ಚೇಂಜ್ ಆಗ್ಬಿಟ್ಟ ಮಗಾ, ಹಳೇ ಬೆಂಕಿ ಇಲ್ಲ." ಹೋದ ವರ್ಷ ಒಂದೇ ಥರ ಮಾಡ್ತಾನೆ ಅಂತ ಬೇಜಾರು ಮಾಡಿಕೊಂಡಿದ್ದವರೂ ಇವರೇ. ನಾನು ಹಾಡನ್ನು ಅಮ್ಮನಿಗೆ ಕೇಳಿಸಿದೆ. "ಸಾಸಿವೆ ಸೀದುಹೋಗ್ತಿದೆ ನೋಡೋ" ಅಂದರು.

ಹೋದ ವಾರ ಆಯೋಜಕರ ಫೋನು ಮತ್ತೆ ಬಂತು. ಹುಡುಗ ಸ್ಪೀಕರಿಗೆ ಹಾಕಿದ.

"ಬ್ರದರ್, ಅಜ್ಜಿ ಸಾಂಗ್ ಬೇಡ, ಡಲ್ಲು. ಹೋದ್ ವರ್ಷದ್ದೇ ಹಾಕಿ. ಆದ್ರೆ ಈ ಸಲ ಡೊಳ್ಳು ಬೇಕೇಬೇಕು, ಎಂಎಲ್‌ಎ ಬರ್ತಿದ್ದಾರೆ."

"ಅಣ್ಣ, ಶಿವಮೊಗ್ಗ ಕಡೆಯಿಂದ ಹತ್ತು ಜನರ ತಂಡ ಕರೆಸ್ತೀನಿ. ಗಾಡಿ ಬಾಡಿಗೆ, ಊಟ, ಉಳಿಯೋಕೆ ಜಾಗ, ಅವರ ಸಂಭಾವನೆ, ಅಷ್ಟು ನೀವು ನೋಡ್ಕೊಳ್ಳಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಅಷ್ಟೆಲ್ಲಾ ಯಾಕೆ ಬ್ರದರ್? ಕೀಬೋರ್ಡಲ್ಲಿ ಡೊಳ್ಳಿನ ಬಟನ್ ಇರುತ್ತಂತಲ್ಲ, ಅದನ್ನೇ ಒತ್ಬಿಡಿ."