ನೆಟ್ಟಿದ್ದು ಸರಿ, ಉಳಿದಿದ್ದೆಷ್ಟು?

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಈಗ ಇರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ. ಅದು ಬಿಟ್ಟರೆ ಮೂರು ತಿಂಗಳಿಗೊಮ್ಮೆ ಊರ ಪಕ್ಕದ ಗುಡ್ಡ ಹತ್ತಿ ಇಲಿಗಳ ಹೆಜ್ಜೆ ಎಣಿಸುತ್ತೇನೆ.

ತಮಾಷೆ ಅಲ್ಲ. ಮೊಳದುದ್ದದ ಕಪ್ಪು ಪ್ಲಾಸ್ಟಿಕ್ ಸುರಂಗ, ಎರಡೂ ಕಡೆ ಬಾಯಿ. ಒಳಗೊಂದು ಉದ್ದನೆಯ ಬಿಳಿ ರಟ್ಟು. ರಟ್ಟಿನ ನಡುವೆ ಶಾಯಿ, ಜೊತೆಗೆ ಬೆರಳ ತುದಿಯಷ್ಟು ಪೀನಟ್ ಬಟರ್. ಇಂಥವನ್ನು 50 ಮೀಟರಿಗೆ ಒಂದರಂತೆ ಸಾಲಾಗಿ 10 ಇಡುತ್ತೇವೆ. ಶನಿವಾರ ಇಟ್ಟು ಬಂದರೆ ಭಾನುವಾರ ಬೆಳಿಗ್ಗೆ ತೆಗೆಯುವುದು. ರಾತ್ರಿ ಬಂದು ಹೋದವರೆಲ್ಲ ಸಹಿ ಹಾಕಿರುತ್ತಾರೆ. ಇಲಿಯದು ಸಣ್ಣ ಚುಕ್ಕಿ ಚುಕ್ಕಿ. ಮೈತುಂಬ ಮುಳ್ಳಿರುವ ಹೆಡ್ಜ್‌ಹಾಗ್‌ನದು ಪುಟ್ಟ ಮಗು ಅಂಗೈ ಒತ್ತಿದ ಹಾಗೆ. ಹತ್ತು ರಟ್ಟಿನಲ್ಲಿ ಎಷ್ಟರ ಮೇಲೆ ಇಲಿ ಓಡಾಡಿದೆಯೋ ಅದನ್ನು ಬರೆದುಕೊಂಡು ಮನೆಗೆ ಬರುವುದು.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಇಲಿ ಎಣಿಸೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ? ನಮ್ಮ ಅಟ್ಟದ ಮೇಲೆ ಬೇಕಾದಷ್ಟು ಇದ್ವಲ್ಲ" ಅಂದರು.

ನಮ್ಮ ಅಟ್ಟದ ಇಲಿ ಬೇರೆ, ಇಲ್ಲಿಯ ಇಲಿ ಬೇರೆ. ಈ ದೇಶದ ನೆಲದ ಮೇಲೆ ಬಾವಲಿ ಬಿಟ್ಟರೆ ಮೊಲೆಯೂಡಿಸುವ ಪ್ರಾಣಿಯೇ ಇರಲಿಲ್ಲ. ಅದಕ್ಕೇ ಇಲ್ಲಿಯ ಹಕ್ಕಿಗಳು ನೆಲದಲ್ಲೇ, ಕೈಗೆಟಕುವ ಪೊಟರೆಯಲ್ಲೇ ಮೊಟ್ಟೆಯಿಟ್ಟು ನಿಶ್ಚಿಂತೆಯಿಂದ ಇದ್ದವು. ಇಲಿ ಹಡಗು ಹತ್ತಿ ಬಂತು. ಪಾಸಮ್ ಅನ್ನುವ ಮರ ಹತ್ತುವ ಪ್ರಾಣಿಯನ್ನು ತುಪ್ಪಳದ ಆಸೆಗೆ 1837ರಲ್ಲಿ ಆಸ್ಟ್ರೇಲಿಯಾದಿಂದ ತಂದರು. ಮೊಲ ಜಾಸ್ತಿಯಾಯಿತು ಅಂತ 1880ರ ದಶಕದಲ್ಲಿ ಮುಂಗುಸಿಯ ಹಾಗಿರುವ ಸ್ಟೋಟ್ ತಂದರು. ಸ್ಟೋಟ್ ಮೊಲವನ್ನೂ ತಿಂದಿತು, ಹಕ್ಕಿಯನ್ನೂ ತಿಂದಿತು. ಹಕ್ಕಿ ಇಲ್ಲದಿದ್ದರೆ ಬೀಜ ಹೊರುವವರಿಲ್ಲ. ಬೀಜ ಹೋಗದಿದ್ದರೆ ಕಾಡು ಮುಂದಕ್ಕೆ ಹೋಗುವುದಿಲ್ಲ. ಇಲಿ ಹೆಜ್ಜೆ ಎಣಿಸುವುದಕ್ಕೆ ಇಷ್ಟೇ ಕಾರಣ.

ನ್ಯೂಜಿಲೆಂಡಿನವರು ಹುಟ್ಟಾ ಪರಿಸರವಾದಿಗಳು ಅಂತ ನಮ್ಮವರ ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ನಂಬಬೇಡಿ. ಮನುಷ್ಯ ಕಾಲಿಡುವ ಮುಂಚೆ ಈ ನೆಲದ ನೂರಕ್ಕೆ ಸುಮಾರು 80 ಪಾಲು ಕಾಡಿತ್ತು. ಈಗ ಇಲ್ಲಿಯದೇ ಅನ್ನುವ ಕಾಡು ಉಳಿದಿರುವುದು ಕಾಲು ಭಾಗದಷ್ಟು. ಸುಟ್ಟಿದ್ದಾರೆ, ಕಡಿದಿದ್ದಾರೆ, ಕುರಿ ಮೇಯಿಸಿದ್ದಾರೆ. ನನ್ನ ಮನೆಯಿಂದ ಕಾಣುವ ಗುಡ್ಡಗಳು ಚಂದದ ಹಸಿರು ಹುಲ್ಲು ಹೊದ್ದಿವೆ. ಮೊದಲ ವರ್ಷ ಅದರ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದೆ. ಅದು ಕಾಡು ಬೋಳಿಸಿದ ತಲೆ ಅಂತ ಗೊತ್ತಾಗಿದ್ದು ಆಮೇಲೆ.

ಹಾಗಿದ್ದರೂ ಇವರಿಂದ ಕಲಿಯುವುದಿದೆ. ನನ್ನ ಕಣ್ಣು ತೆರೆಸಿದ ಜಾಗ ಹಿನೆವಾಯ್. ಕ್ರೈಸ್ಟ್‌ಚರ್ಚಿನಿಂದ ಒಂದೂವರೆ ಗಂಟೆ ಕಾರು ಓಡಿಸಿದರೆ ಅಕರೋವಾ ಸಿಗುತ್ತದೆ. ಅದರ ಮೇಲಿನ ಬೆಟ್ಟಸಾಲಿನ ಆಚೆ ಬದಿ ಇದು. 1987ರಲ್ಲಿ ಒಂದು ಟ್ರಸ್ಟ್ 109 ಹೆಕ್ಟೇರ್ ಹಾಳು ಹುಲ್ಲುಗಾವಲು ಕೊಂಡಿತು. ನೋಡಿಕೊಳ್ಳಲು ನಿಂತವರು ಸಸ್ಯಶಾಸ್ತ್ರಜ್ಞ ಹ್ಯೂ ವಿಲ್ಸನ್. ಅಲ್ಲಿ ಗಾರ್ಸ್ ತುಂಬಿತ್ತು. ಬ್ರಿಟನ್ನಿನಿಂದ ಬಂದವರು ಬೇಲಿಗೆಂದು ತಂದ ಮುಳ್ಳುಪೊದೆ ಅದು. ಹಳದಿ ಹೂವು, ಆಳೆತ್ತರ, ಕೈ ಹಾಕಿದರೆ ರಕ್ತ. ಇಲ್ಲಿಯ ರೈತರಿಗೆ ಗಾರ್ಸ್ ಅಂದರೆ ಸಾಕು, ಮೈ ಉರಿಯುತ್ತದೆ. ಕಡಿಯುತ್ತಾರೆ, ಸುಡುತ್ತಾರೆ, ಔಷಧಿ ಹೊಡೆಯುತ್ತಾರೆ. ಅದು ಮತ್ತೆ ಬರುತ್ತದೆ.

ವಿಲ್ಸನ್ ಹೇಳಿದ್ದು, ಗಾರ್ಸನ್ನು ಮುಟ್ಟಬೇಡಿ ಅಂತ. ಅಕ್ಕಪಕ್ಕದ ರೈತರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಅವರ ಜಾಗದಲ್ಲಿ ನಮ್ಮಪ್ಪ ಇದ್ದಿದ್ದರೂ ಅದನ್ನೇ ಅನ್ನುತ್ತಿದ್ದರು. ಆದರೆ ವಿಲ್ಸನ್ ಲೆಕ್ಕ ಸರಳ. ಗಾರ್ಸಿಗೆ ಬಿಸಿಲು ಬೇಕು, ನೆರಳಲ್ಲಿ ಅದರ ಮರಿ ಏಳುವುದಿಲ್ಲ. ಇಲ್ಲಿಯ ಮಾಹೋಯೆಯಂಥ ಮರಗಳ ಸಸಿಗೆ ನೆರಳೇ ತೊಟ್ಟಿಲು. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಮುಳ್ಳಿನ ಅಡಿಯಲ್ಲಿ ಮೊಳೆಯುತ್ತದೆ. ಮುಳ್ಳಿನ ಕಾವಲಿರುವ ಕಡೆ ದನ ಬಾಯಿ ಹಾಕುವುದಿಲ್ಲ. ಗಾರ್ಸ್ ಅವರೆ ಜಾತಿಯದು, ಬೇರಲ್ಲೇ ಸಾರಜನಕ ಕಟ್ಟುತ್ತದೆ. ಸಸಿ ನಿಧಾನಕ್ಕೆ ಎದ್ದು ಪೊದೆಯ ತಲೆ ದಾಟುತ್ತದೆ. ಅಲ್ಲಿಗೆ ಗಾರ್ಸಿನ ಕಥೆ ಮುಗಿಯಿತು. ಆಡು, ದನ, ಪಾಸಮ್ ಒಳಗೆ ಬಾರದಂತೆ, ಬೆಂಕಿ ಬೀಳದಂತೆ ನೋಡಿಕೊಂಡರೆ ಉಳಿದ ಕೆಲಸ ಅದರ ಪಾಡಿಗೆ ಆಗುತ್ತದೆ.

ಹೇಳಿದಷ್ಟು ಬೇಗ ಆಗುವ ಕೆಲಸ ಅಲ್ಲ. ಹತ್ತು, ಇಪ್ಪತ್ತು, ಮೂವತ್ತು ವರ್ಷ. ಆ ಜಾಗ ಈಗ 1,200 ಹೆಕ್ಟೇರಿಗೂ ಜಾಸ್ತಿ. ಕಾಲುದಾರಿಯಲ್ಲಿ ನಡೆದರೆ ತಲೆಯ ಮೇಲೆ ತುಂಬಿದ ಎಲೆ, ಕಾಲ ಕೆಳಗೆ ಒದ್ದೆ ಮಣ್ಣಿನ ವಾಸನೆ. ಮರಗಳ ನಡುವೆ ಅಲ್ಲಲ್ಲಿ ಸತ್ತ ಗಾರ್ಸಿನ ಬೂದು ಕಾಂಡ ನಿಂತೇ ಇದೆ. ಹಿಡಿದರೆ ಲಟಕ್ಕನೆ ಮುರಿಯುತ್ತದೆ. ಬಾಣಂತನ ಮುಗಿಸಿ ಹೊರಟುಹೋದ ಅಜ್ಜಿಯ ಊರುಗೋಲು ಮೂಲೆಯಲ್ಲಿ ಉಳಿದ ಹಾಗೆ. ಈ ಕಡೆ ಕಾಣೆಯಾಗಿದ್ದ ಟೂಯಿ ಹಕ್ಕಿಯನ್ನು 2009ರಲ್ಲಿ ಬೇರೆ ದ್ವೀಪದಿಂದ ತಂದು ಇಲ್ಲೇ ಬಿಟ್ಟರು.

ಪೆಟ್ಟೂ ಬಿದ್ದಿದೆ. 2011ರ ಜುಲೈನಲ್ಲಿ ಸಿಡಿಲು ಬಡಿದು 300 ಹೆಕ್ಟೇರಿಗೂ ಜಾಸ್ತಿ ಸುಟ್ಟಿತು. ಗಾರ್ಸಿನ ಬೀಜ ಮಣ್ಣೊಳಗೆ ದಶಕಗಟ್ಟಲೆ ಕಾಯುತ್ತದೆ. ಬೆಂಕಿ ಬಿದ್ದರೆ ಅದಕ್ಕೆ ಹಬ್ಬ. ಅಲ್ಲಿ ಮತ್ತೆ ಒಂದರಿಂದ ಎಣಿಸಬೇಕು.

ಇದನ್ನೆಲ್ಲ ನೋಡುವಾಗ ನನಗೆ ನಮ್ಮ ಶಾಲೆಯ ವನಮಹೋತ್ಸವ ನೆನಪಾಗುತ್ತದೆ. ಏಳನೇ ಕ್ಲಾಸು. ಜುಲೈ ಮೊದಲ ವಾರ, ಜಡಿಮಳೆ. ಶಾಲೆ ಹಿಂದಿನ ಗುಡ್ಡದಲ್ಲಿ ಗುಂಡಿ ರೆಡಿ ಇತ್ತು. ತಲೆಗೆ ಐದರಂತೆ ಅಕೇಶಿಯಾ ಸಸಿ ಕೊಟ್ಟರು. ಕೆಳಗೆ ಉಪ್ಪಿಟ್ಟು ಬೇಯುವ ವಾಸನೆ ಬರುತ್ತಿತ್ತು. ನಾನೂ ನನ್ನ ಗೆಳೆಯನೂ ಕಪ್ಪು ಪ್ಲಾಸ್ಟಿಕ್ ಚೀಲ ಹರಿಯುವ ತಾಪತ್ರಯಕ್ಕೇ ಹೋಗಲಿಲ್ಲ. ಚೀಲದ ಸಮೇತ ಗುಂಡಿಗೆ ಇಳಿಸಿ, ಮಣ್ಣು ಮುಚ್ಚಿ, ಓಡಿದೆವು. ನೆಟ್ಟ ಗಿಡದ ಸಂಖ್ಯೆ ಹಲಗೆ ಮೇಲೆ ಬಂತು. ನಮ್ಮ ಹತ್ತೂ ಅದರಲ್ಲಿ ಸೇರಿದ್ದವು. ಮುಂದಿನ ವರ್ಷ ಅದೇ ಗುಡ್ಡಕ್ಕೆ ಹೋದಾಗ ಯಾರೂ ಹಳೆಯ ಗಿಡ ಎಲ್ಲಿ ಅಂತ ಕೇಳಲಿಲ್ಲ. ಕೇಳಿದ್ದರೆ ನಮಗೇ ಕಷ್ಟ ಇತ್ತು, ಅದು ಬೇರೆ ಮಾತು.

ಇಲ್ಲಿ ಕೇಳುತ್ತಾರೆ. ವ್ಯತ್ಯಾಸ ಅಂದರೆ ನನಗೆ ಕಾಣುವುದು ಇದೊಂದೇ. ದೇಶದ ನಕ್ಷೆಯ ಮೇಲೆ 8 ಕಿಲೋಮೀಟರಿಗೆ ಒಂದರಂತೆ ಚುಕ್ಕಿ ಇಟ್ಟಿದ್ದಾರೆ. ಚುಕ್ಕಿ ಕಾಡಿನಲ್ಲಿ ಬಿದ್ದರೆ ಅಲ್ಲಿ 20 ಮೀಟರಿಗೆ 20 ಮೀಟರಿನ ಚೌಕ. ಚೌಕದೊಳಗಿನ ಒಂದೊಂದು ಮರಕ್ಕೂ ನಂಬರು. ಕೆಲವು ವರ್ಷ ಬಿಟ್ಟು ಮತ್ತೆ ಬಂದು ಅದೇ ಮರವನ್ನು ಅಳೆಯುತ್ತಾರೆ. ಚುಕ್ಕಿ ಕಡಿದಾದ ಕೊರಕಲಿನಲ್ಲಿ ಬಿದ್ದರೂ ಆದಷ್ಟು ಅಲ್ಲಿಗೇ ಹೋಗುತ್ತಾರೆ. ರಸ್ತೆ ಪಕ್ಕದ ಅನುಕೂಲದ ಕಾಡನ್ನೇ ಅಳೆದು ಬರುವ ಹಾಗಿಲ್ಲ.

ಆ ಸರ್ಕಾರಿ ಚೌಕದಲ್ಲಿ ಕೆಲಸ ಮಾಡುವ ಯೋಗ ನನಗಿಲ್ಲ. ಇಲಿ ಎಣಿಸುವ ನಮ್ಮ ಗುಂಪೂ ಅದೇ ಕ್ರಮದಲ್ಲಿ ಒಂದು ಚೌಕ ಇಟ್ಟುಕೊಂಡಿದೆ. ಹೋದ ಬೇಸಿಗೆಯಲ್ಲಿ ಟೇಪು ಹಿಡಿಯಲು ಹೋಗಿದ್ದೆ. ನೆಲದಿಂದ 1.35 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ. ಅಲ್ಲೇ ಪಕ್ಕ ಒಂದು ಅಲ್ಯೂಮಿನಿಯಂ ಬಿಲ್ಲೆ, ಮೊಳೆಯಿಂದ ಹೊಡೆದಿದ್ದು. ಮೊಳೆಯನ್ನು ಪೂರ್ತಿ ಒಳಗೆ ಹೊಡೆಯಬಾರದು, ಮರ ದಪ್ಪವಾಗಲು ಜಾಗ ಬಿಡಬೇಕು. ಕೆಲವು ಮರ ಅಷ್ಟಕ್ಕೂ ಕೇಳದೆ ಬಿಲ್ಲೆಯನ್ನು ಅರ್ಧ ನುಂಗಿರುತ್ತದೆ. ತೊಗಟೆ ಕೆರೆದು ನಂಬರು ಓದಬೇಕು. ಒಂದು ಕಾನೂಕಾ ಮರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಜರೀಗಿಡದ ಅಡಿಯಲ್ಲಿ ಬಿದ್ದು ಕೊಳೆಯುತ್ತಿತ್ತು, ಬಿಲ್ಲೆ ಮಾತ್ರ ಫಳಫಳ. ನಾನು ಮುಂದೆ ಹೊರಟೆ. ಪುಸ್ತಕ ಹಿಡಿದಿದ್ದ ಅರವತ್ತು ದಾಟಿದ ಹೆಂಗಸು ತಡೆದರು. ಸತ್ತಿದ್ದನ್ನೂ ಬರ್ಕೋ, ಇಲ್ಲದಿದ್ದರೆ ಮುಂದಿನ ಸಲ ಬರುವವರು ಅರ್ಧ ದಿನ ಇದನ್ನೇ ಹುಡುಕುತ್ತಾ ಕೂರುತ್ತಾರೆ ಅಂದರು.

ಹಾಗಂತ ಇವರು ಮಾಡುವುದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಪಾಸಮ್, ಸ್ಟೋಟ್ ಕೊಲ್ಲುವ ಬೋನು ಬಿಡಿಸಿ ಹೆಣ ಎಸೆಯುವ ಕೆಲಸವನ್ನು ನಾನು ಇವತ್ತಿಗೂ ಬೇರೆಯವರಿಗೆ ದಾಟಿಸುತ್ತೇನೆ. ದೂರದ ಕಾಡಿನಲ್ಲಿ ಹೆಲಿಕಾಪ್ಟರಿನಿಂದ 1080 ಅನ್ನುವ ವಿಷದ ಉಂಡೆ ಉದುರಿಸುತ್ತಾರೆ. ಅದರ ಬಗ್ಗೆ ಇಲ್ಲಿಯವರಲ್ಲೇ ದೊಡ್ಡ ಜಗಳ ಇದೆ. ಇನ್ನು ಪೈನ್. ನೆಡುತೋಪಿನ ನೂರಕ್ಕೆ ಸುಮಾರು ತೊಂಬತ್ತು ಪಾಲು ಒಂದೇ ಜಾತಿಯ ಪೈನ್. 2023ರ ಗೇಬ್ರಿಯೆಲ್ ಚಂಡಮಾರುತದಲ್ಲಿ ಗಿಸ್ಬೋರ್ನ್ ಕಡೆ, ಕಡಿದು ಬಿಟ್ಟಿದ್ದ ಪೈನ್ ದಿಮ್ಮಿಗಳೆಲ್ಲ ಹೊಳೆಯಲ್ಲಿ ಕೊಚ್ಚಿ ಬಂದು ಸೇತುವೆಗಳಿಗೆ ಗುದ್ದಿದವು. ಒಂದು ಕೈಯಲ್ಲಿ ಮರಕ್ಕೆ ನಂಬರು, ಇನ್ನೊಂದು ಕೈಯಲ್ಲಿ ಇದು.

ಗೆಳೆಯನೊಬ್ಬನಿಗೆ ಹಿನೆವಾಯ್ ಕಥೆ ಹೇಳಿದೆ. "ಹಾಗಾದ್ರೆ ಬಂಡೀಪುರದ ಲಂಟಾನಾನೂ ಸುಮ್ನೆ ಬಿಟ್ಟುಬಿಡೋಣ ಅಲ್ವಾ?" ಅಂದ. ಇಲ್ಲ ಮಾರಾಯ. ಲಂಟಾನ ಅನ್ನುವ ಕಳೆಪೊದೆಯ ಹಣ್ಣನ್ನು ಹಕ್ಕಿಗಳೇ ತಿಂದು ಹರಡುತ್ತವೆ. ಅರೆನೆರಳಲ್ಲೂ ಅದು ಬದುಕುತ್ತದೆ. ನಮ್ಮ ಒಣಕಾಡು ಎಲೆ ಉದುರಿಸಿ ತಿಂಗಳುಗಟ್ಟಲೆ ಬೋಳಾಗಿ ನಿಲ್ಲುತ್ತದೆ, ಬಿಸಿಲು ಧಾರಾಳ. ಅಲ್ಲಿ ಅದನ್ನು ನೆರಳಿನಿಂದ ಕೊಲ್ಲುವವರು ಯಾರು? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರು ಬೇರೆಯೇ ದಾರಿ ಹೇಳುತ್ತಾರೆ. ಮೊದಲು ಬೇಸಿಗೆ ಏರುವ ಮುಂಚೆ ತರಗು ಬೆಂಕಿ ಹಾಕುತ್ತಿದ್ದರಂತೆ. ನೆಲದ ಮೇಲಿನ ತರಗೆಲೆ ಮಾತ್ರ ಉರಿದು ಹೋಗುವ ಸಣ್ಣ ಬೆಂಕಿ. ಅದು ನಿಂತ ಮೇಲೇ ಲಂಟಾನ ಏರಿತು ಅನ್ನುವುದು ಅವರ ಮಾತು. ಹಿನೆವಾಯ್‌ನಲ್ಲಿ ಬೆಂಕಿ ಶತ್ರು, ಬಿಳಿಗಿರಿಯಲ್ಲಿ ಅದೇ ಬೆಂಕಿ ಕಾವಲುಗಾರ. ನ್ಯೂಜಿಲೆಂಡಿನ ಪಾಠವನ್ನು ಬಂಡೀಪುರದಲ್ಲಿ ಕಣ್ಣು ಮುಚ್ಚಿ ಒಪ್ಪಿಸಿದರೆ ಆನೆಗೆ ಹುಲ್ಲೂ ಸಿಗಲಿಕ್ಕಿಲ್ಲ.

ನಮ್ಮ ಮಲೆನಾಡಿನ ಮಾತು ಸ್ವಲ್ಪ ಬೇರೆ. ನಮ್ಮ ಸೊಪ್ಪಿನ ಬೆಟ್ಟದ ಆಚೆ ಒಂದು ಹಳೇ ಅಕೇಶಿಯಾ ತೋಪಿದೆ. ಏನೋ ತಕರಾರಿನಲ್ಲಿ ಕಡಿಯುವುದು ತಪ್ಪಿಹೋಯಿತು. ಹೋದ ವರ್ಷ ಊರಿಗೆ ಹೋದಾಗ ಒಳಗೆ ನುಗ್ಗಿ ನೋಡಿದೆ. ಅಡಿಯಲ್ಲಿ ಹೊನ್ನೆ, ನೇರಳೆ, ಮತ್ತಿ, ಸೊಂಟದೆತ್ತರಕ್ಕೆ. ಒಂದು ಹೆಬ್ಬಲಸು ಕೂಡ. ಯಾರೂ ನೆಟ್ಟಿದ್ದಲ್ಲ. ಪಿಕಳಾರ, ಮಂಗಟ್ಟೆ ತಂದು ಹಾಕಿದ್ದು, ಗಾಳಿ ತೂರಿದ್ದು. ಹತ್ತಿರದಲ್ಲೇ ಹಳೇ ಕಾನು ಇರುವುದಕ್ಕೆ ಬೀಜಕ್ಕೆ ಬರವಿಲ್ಲ. ಮಳೆಗೂ ಬರವಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ಬೆಳೆಸಿದ ನೆಡುತೋಪುಗಳ 40 ವರ್ಷದ ಗುತ್ತಿಗೆ 2020ಕ್ಕೆ ಮುಗಿದಾಗ, ಆ ನೆಲವನ್ನು ಸಹಜ ಕಾಡಾಗಲು ಬಿಡಿ ಅಂತ ನಮ್ಮ ಕಡೆ ಹೋರಾಟವೇ ನಡೆಯಿತು. ನನಗನ್ನಿಸುವುದು, ಇಂಥ ಕಡೆ ಜೆಸಿಬಿ ತಂದು ಉಳದೆ, ಹೊಸದಾಗಿ ಗುಂಡಿ ತೆಗೆಯದೆ, ದನ ಮತ್ತು ಬೆಂಕಿ ತಡೆದು ಬಿಟ್ಟರೆ ಅಕೇಶಿಯಾ ನಮ್ಮ ಗಾರ್ಸ್ ಆದೀತು. ಆಗದೆಯೂ ಇರಬಹುದು. ಅಕೇಶಿಯಾದ ಸ್ವಂತ ಮರಿಗಳೇ ಮೇಲೆದ್ದರೆ? ಅದಕ್ಕೇ ಅಳೆಯಬೇಕು ಅನ್ನುವುದು.

ಅಳೆಯುವುದು ನಮಗೆ ಬಾರದ ವಿದ್ಯೆ ಅಂತೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯಲ್ಲಿ 1988ರಲ್ಲೇ 50 ಹೆಕ್ಟೇರ್ ಗುರುತು ಮಾಡಿ, ಮರಕ್ಕೆಲ್ಲ ನಂಬರು ಹಾಕಿ, ಮತ್ತೆ ಮತ್ತೆ ಹೋಗಿ ಅಳೆದಿದ್ದಾರೆ. ಆನೆ ಮುರಿದಿದ್ದು, ಬೆಂಕಿಗೆ ಹೋಗಿದ್ದು ಎಲ್ಲ ಬರೆದಿಟ್ಟಿದ್ದಾರೆ. ಆ ಲೆಕ್ಕ ವಿಜ್ಞಾನಿಗಳ ಕಡೆ ಉಳಿಯಿತು. ಊರ ಶಾಲೆಗೆ, ಪಂಚಾಯ್ತಿಗೆ, ಗ್ರಾಮ ಅರಣ್ಯ ಸಮಿತಿಗೆ ಇಳಿಯಲಿಲ್ಲ. ಏಳನೇ ಕ್ಲಾಸಿನ ಮಕ್ಕಳಿಗೆ ಐದು ಸಸಿಯ ಬದಲು ಒಂದು ಟೇಪು ಕೊಟ್ಟು, ಹೋದ ವರ್ಷ ನೆಟ್ಟಿದ್ದನ್ನು ಹುಡುಕಿ ಬನ್ನಿ ಅಂದರೆ ಉಪ್ಪಿಟ್ಟಿನ ಖರ್ಚಿನಲ್ಲೇ ಆಗುವ ಕೆಲಸ.

ನಾನಂತೂ ಶುರು ಮಾಡಿದ್ದೇನೆ. ಆ ತೋಪಿನೊಳಗೆ 20 ಮೀಟರ್ ಚೌಕಕ್ಕೆ ಹಗ್ಗ ಹಿಡಿದೆ. ಬಿಲ್ಲೆ ಎಲ್ಲಿಂದ ತರುವುದು? ಅಮ್ಮನ ಹೊಲಿಗೆ ಟೇಪು, ಅಪ್ಪನ ಹಳೇ ಡೈರಿ, ಹಾಲಿನ ಡಬ್ಬಿಯ ಮುಚ್ಚಳ ಕತ್ತರಿಸಿ ನಂಬರು ಕೊರೆದದ್ದು. 31 ಸಸಿ ಸಿಕ್ಕವು. ಅಪ್ಪ ಜಗಲಿಯಿಂದ ನೋಡಿ ನಗುತ್ತಿದ್ದರು, ದರಕು ಗುಡಿಸಲು ಹೋಗುವ ಹೆಂಗಸರೂ ನಗುತ್ತಿದ್ದರು. ಹೊರಡುವ ದಿನ ಡೈರಿ ಅಪ್ಪನ ಕೈಗೆ ಕೊಟ್ಟು ಬಂದೆ.

ಹೋದ ವಾರ ಫೋನ್ ಮಾಡಿದ್ದರು. ಅಡಕೆ ರೇಟು, ಮಳೆ, ಅತ್ತೆಯ ಮಂಡಿನೋವು ಎಲ್ಲ ಆಯಿತು. ಇಡುವ ಮುಂಚೆ ಅಂದರು: "ನಿನ್ನ 14ನೇ ನಂಬರ್ ಹೊನ್ನೆ ದನ ತಿಂತು ಮಾರಾಯ. ಬರ್ಕೊಂಡಿದೀನಿ."