ತೋಟ ಕೊಡಿ, ಪೂರ್ತಿ ಕೊಡಬೇಡಿ

ನಿನ್ನೆ ನನ್ನ ಕೆಲಸಕ್ಕೆ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದೆ. ಬಂದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಅಲ್ಲಿ ಪರಿಚಯದ ಹಿರಿಯರೊಬ್ಬರು ಸಿಕ್ಕಿದರು. ಎಪ್ಪತ್ತರ ಹತ್ತಿರ ವಯಸ್ಸು. ಸ್ವಂತ ದುಡಿಮೆಯಲ್ಲಿ ಮಾಡಿದ ತೆಂಗಿನ ತೋಟವನ್ನು ಇಬ್ಬರು ಗಂಡುಮಕ್ಕಳಿಗೆ ದಾನಪತ್ರ ಮಾಡಿಕೊಡಲು ಬಂದಿದ್ದರು. "ಓದಿ ನೋಡಪ್ಪ" ಅಂತ ಪತ್ರ ಕೈಗೆ ಕೊಟ್ಟರು. ಚಕ್ಕುಬಂದಿ ಎಷ್ಟು ಚೆನ್ನಾಗಿ ಬರೆಸಿದ್ದರು ಗೊತ್ತಾ? ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಹಳ್ಳ, ಬೋರ್‌ವೆಲ್ ನೀರು ಯಾರಿಗೆ ಯಾವ ದಿನ, ಗಾಡಿ ಹೋಗುವ ದಾರಿ, ಎಲ್ಲಾ ಇತ್ತು. ಕೊಡುತ್ತಿರುವವರ ಊಟ, ಔಷಧಿ, ಕೈಖರ್ಚಿನ ಬಗ್ಗೆ ಒಂದೇ ಒಂದು ಸಾಲು ಇರಲಿಲ್ಲ. ಕೇಳಿದರೆ, "ಮಕ್ಕಳು ನೋಡ್ಕೋತಾರೆ ಬಿಡು" ಅಂದರು.

ಆ ಒಂದು ಸಾಲು ಎಷ್ಟು ಮುಖ್ಯ ಅಂತ ನಮ್ಮವರಿಗೆ ಯಾಕೆ ಯಾರೂ ಹೇಳುವುದಿಲ್ಲ? ಹಿರಿಯ ನಾಗರಿಕರಿಗಾಗಿಯೇ 2007ರಲ್ಲಿ ಕಾಯ್ದೆ ಬಂದಿದೆ. ಅದರ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಷರತ್ತೇ ಬರೆಸದಿದ್ದರೆ ಆಮೇಲೆ ವಾದ ಮಾಡುತ್ತಾ ಓಡಾಡಬೇಕು. ಆ ವಯಸ್ಸಲ್ಲಿ!

"ಹಾಗಾದ್ರೆ ಮಕ್ಕಳನ್ನ ನಂಬಬಾರದಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ನಂಬಿ, ಬೇಡ ಅಂದವರು ಯಾರು? ಆದರೆ ಮಗನಿಗೂ ಸಾಲ ಇರುತ್ತೆ, ಮಕ್ಕಳ ಫೀಸು ಇರುತ್ತೆ. ಅವನು ತೋಟ ಅಡ ಇಟ್ಟು, ಬೆಳೆ ಕೈಕೊಟ್ಟು, ಬ್ಯಾಂಕಿನವರು ಹರಾಜಿಗೆ ತಂದರೆ ಎಂಥ ಒಳ್ಳೆ ಮಗನೂ ಏನೂ ಮಾಡಲಾಗಲ್ಲ. ಮಗ ಒಳ್ಳೆಯವನು ಅನ್ನುವುದು ಬೇರೆ, ಅಪ್ಪನ ಹೆಸರಲ್ಲಿ ಏನಾದರೂ ಇರಬೇಕು ಅನ್ನುವುದು ಬೇರೆ.

ಅಂಗಡಿಯವರದ್ದೂ ಇದೇ ಕಥೆ. ನಮ್ಮಪ್ಪನ ದಿನಸಿ ಅಂಗಡಿ ನಿಮಗೆಲ್ಲ ಗೊತ್ತಲ್ಲ. ಬಂದ ಲಾಭವೆಲ್ಲ ಮತ್ತೆ ಮಾಲಿಗೇ ಹೋಗುತ್ತಿತ್ತು. "ಅಂಗಡಿನೇ ನನ್ನ ಪೆನ್ಷನ್" ಅನ್ನುತ್ತಿದ್ದರು. ಬಾಡಿಗೆ ಕಟ್ಟಡ. ಮಾಲೀಕರು ಖಾಲಿ ಮಾಡಿ ಅಂದ ದಿನ ಉಳಿದಿದ್ದು ಹಳೇ ಮಾಲು ಮತ್ತು ಉದ್ರಿ ಪುಸ್ತಕ. ಆ ಪುಸ್ತಕದಲ್ಲಿದ್ದ ಎಷ್ಟೋ ಜನ ಆಗಲೇ ತೀರಿಹೋಗಿದ್ದರು. ಈಗ ಅಮ್ಮ ಬಿಪಿ ಮಾತ್ರೆಗೆ ದುಡ್ಡು ಕೇಳುವಾಗ ನನ್ನ ಮುಖ ನೋಡುವುದಿಲ್ಲ. ನಾನು ಖುಷಿಯಿಂದಲೇ ಕೊಡುತ್ತೇನೆ. ಆದರೂ ಅವಳು ಮುಖ ನೋಡುವುದಿಲ್ಲ. ಜೀವನ ಪೂರ್ತಿ ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸಿದವಳು.

ಸರ್ಕಾರದ ಯೋಜನೆ ಇಲ್ಲವಾ ಅಂದರೆ, ಇದೆ. 2019ರಲ್ಲಿ ಬಂದ ಕಿಸಾನ್ ಮಾನ್‌ಧನ್, ಎರಡು ಹೆಕ್ಟೇರ್ ಒಳಗಿನ ರೈತರಿಗೆ. ಸಣ್ಣ ವ್ಯಾಪಾರಿಗಳಿಗೂ ಅಂಥದ್ದೇ ಒಂದಿದೆ. ವಯಸ್ಸಿನ ಮೇಲೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60 ಆದಮೇಲೆ 3000 ರೂಪಾಯಿ ಪಿಂಚಣಿ. ಆದರೆ 40 ದಾಟಿದವರು ಸೇರುವಂತಿಲ್ಲ. ನಮ್ಮವರಿಗೆ ಮುಪ್ಪಿನ ಯೋಚನೆ ಬರುವುದೇ ಐವತ್ತಕ್ಕೆ, ಮಗಳ ಮದುವೆ ಮುಗಿದಮೇಲೆ! ಸೇರಿದವರಿಗೂ ಇಪ್ಪತ್ತು ವರ್ಷದ ನಂತರ ಆ 3000ಕ್ಕೆ ಏನು ಬರುತ್ತೆ ಹೇಳಿ? ಬೇಡ ಅನ್ನುತ್ತಿಲ್ಲ, ವಯಸ್ಸು ಇರುವವರು ಸೇರಿ. ಅದೊಂದನ್ನೇ ನಂಬಿ ಕೂರಬೇಡಿ.

40 ದಾಟಿದವರಿಗೆ ಪಿಪಿಎಫ್ ಇದೆ, ಅಂದರೆ ಸರ್ಕಾರದ ಹದಿನೈದು ವರ್ಷದ ಉಳಿತಾಯ ಖಾತೆ. ವಯಸ್ಸಿನ ಮಿತಿ ಇಲ್ಲ. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಜಾಸ್ತಿ ಅಂದರೆ ಒಂದೂವರೆ ಲಕ್ಷ. ಕೊಬ್ಬರಿಗೆ ರೇಟ್ ಬಂದ ವರ್ಷ ಜಾಸ್ತಿ ಹಾಕಿ, ಬರದ ವರ್ಷ 500 ಹಾಕಿ. ಹದಿನೈದು ವರ್ಷ ಸುಲಭವಾಗಿ ಕೈಗೆ ಸಿಗಲ್ಲ ಅಂತ ಬೈಯುತ್ತಾರೆ. ಸಿಗದಿರುವುದೇ ಒಳ್ಳೆಯದು, ಸಿಕ್ಕಿದ್ದರೆ ಮಾಲಿಗೋ ಬೋರ್‌ವೆಲ್‌ಗೋ ಹೋಗಿರುತ್ತಿತ್ತು. ಇನ್ನೊಂದು ವಿಷಯ ಅಂಗಡಿಯವರು ಗಮನಿಸಿ: ವ್ಯಾಪಾರ ಮುಳುಗಿ ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಪಿಪಿಎಫ್ ದುಡ್ಡನ್ನು ಜಪ್ತಿ ಮಾಡಿಸಲು ಆಗಲ್ಲ.

ಪಿಪಿಎಫ್ ಖಾತೆ ಮಾಡಿಸುವಾಗ ಹೆಂಡತಿ ಹೆಸರಲ್ಲೂ ಒಂದು ಮಾಡಿಸಿ. ತೋಟದಲ್ಲಿ, ಅಂಗಡಿಯಲ್ಲಿ ದುಡಿದವರು ಇಬ್ಬರೂ ಅಲ್ವಾ? ಆಧಾರ್, ಪ್ಯಾನ್, ಫೋಟೋ ತಗೊಂಡು ಪೋಸ್ಟಾಫೀಸಿಗೆ ಹೋಗಿ. ಫಾರಂ ತುಂಬೋಕೆ ಕಷ್ಟ ಅಂದರೆ ಫೋನ್ ಮಾಡಿ, ನಮ್ಮೂರಿನವರ ಜೊತೆ ನಾನೇ ಬರುತ್ತೇನೆ.